ಬಚ್ಚಲ ಹಿಂದಿನ ಕೇರಿನ ಮರ

ಅಗಸ ಬಟ್ಟೆಯ ಗಂಟು ತಂದಿಳಿಸಿದಾಗ ನೀವು ಮೊದಲು ಏನು ನೋಡುತ್ತೀರೋ ನನಗೆ ಗೊತ್ತಿಲ್ಲ. ನಮ್ಮ ನೆರೆಮನೆಯ ಗೋದೂತಾಯಿ ಗುಂಡಿಗಳನ್ನು ನೋಡುತ್ತಾರೆ. ಒಂದು ಕಡಿಮೆಯಾದರೂ ಅಗಸನ ಮೂರು ತಲೆಮಾರು ಎದ್ದು ಕೂಡಬೇಕು. ನಾನು ಮಾತ್ರ ಮೂಲೆ ತಿರುವಿ ಗುರುತು ನೋಡುತ್ತೇನೆ. ಒಂದು ಗೆರೆ, ಅದರ ಕೆಳಗೆ ಎರಡು ಚುಕ್ಕೆ. ಅದು ನಾವು. ಪುಣೆಯ ಅಗಸರಿಗೆ ನಮ್ಮ ಹೆಸರು ಬೇಕಾಗಿಲ್ಲ, ಗೆರೆ ಚುಕ್ಕೆ ಸಾಕು. ಕೇರಿನ ಬೀಜಕ್ಕೆ ಸೂಜಿ ಚುಚ್ಚಿ, ಅದರ ರಸದಿಂದ ಇಟ್ಟ ಗುರುತು. ಅಂಗಿ ಹರಿದು ಮಸಿಯರಿವೆಯಾದರೂ, ಮಸಿಯರಿವೆ ಹರಿದು ಚಿಂದಿಯಾದರೂ ಆ ಚುಕ್ಕೆಗಳು ಹೋಗುವುದಿಲ್ಲ. ಮೊನ್ನೆ ಒಂದು ಹೊಸ ದಿಂಬಿನ ಚೀಲದ ಮೇಲೆ ಅವು ಇನ್ನೂ ಹಸಿಯಾಗಿ ಮಿರುಗುತ್ತಿದ್ದವು. ನಾನು ಆ ಚೀಲವನ್ನು ಒಲೆಯ ಇಕ್ಕುಳದಲ್ಲಿ ಹಿಡಿದು ಹಿತ್ತಲಿಗೆ ಒಯ್ದದ್ದನ್ನು ಕಂಡು ಮಗಳು ಬಿದ್ದು ಬಿದ್ದು ನಕ್ಕಳು. ನಗಲಿ. ಅವಳು ಹೊಟ್ಟೆಯಲ್ಲಿದ್ದಾಗಿನ ಸಂಗತಿ ಇದು. ಅತ್ತೆ ತೀರಿಕೊಂಡು ಮೂರು ವರ್ಷವಾಯಿತು. ಮಗಳಿಗೆ ಇನ್ನೂ ಹೇಳಿಲ್ಲ. ನಿಮಗೆ ಹೇಳುತ್ತೇನೆ.

ಗುರುತಿನ ಮಾತು ಬಂದಾಗ ನನ್ನದೂ ಒಂದು ಗುರುತಿತ್ತೆಂದು ಹೇಳಿಬಿಡಬೇಕು. ಬೆಳಗಾವಿಯ ಕಾನ್ವೆಂಟಿನಲ್ಲಿ ಎಂಟು ವರ್ಷ ನಾನು ಮೂವತ್ತೊಂದನೆಯ ನಂಬರಾಗಿದ್ದೆ. ಲಂಗಕ್ಕೆ, ಕಾಲುಚೀಲಕ್ಕೆ, ಟವೆಲಿಗೆ, ಎಲ್ಲಕ್ಕೂ ಕೆಂಪು ದಾರದಲ್ಲಿ ಮೂವತ್ತೊಂದು. ತಾಯಿಯಿಲ್ಲದ ಮಗಳನ್ನು ವಕೀಲಿಯ ನಡುವೆ ಹೇಗೆ ಬೆಳೆಸುವುದೆಂದು ತಿಳಿಯದೆ ಅಪ್ಪ ನನ್ನನ್ನು ಅಲ್ಲಿ ಬಿಟ್ಟಿದ್ದರು. ಅಲ್ಲಿ ಲೇಸು ಹೆಣೆಯಲು ಕಲಿತೆ. ಪಿಯಾನೋದ ಮೇಲೆ ಒಂದೂವರೆ ಹಾಡು ಕಲಿತೆ. ಪ್ರಿಮ್‌ರೋಜ್, ಹನಿಸಕಲ್ ಎಂದು ನಾನೆಂದೂ ಕಾಣದ, ಇನ್ನು ಕಾಣಲಾರದ ಹೂಗಳ ಹೆಸರು ಕಲಿತೆ. ಗಂಡನ ಮನೆಯ ಬಚ್ಚಲ ಹಿಂದೆ ನಿಂತ ಮರದ ಹೆಸರು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಯುದ್ಧಕ್ಕೆ ಮುಂಚಿನ ಮಾತು. ಇವರಿಗೆ, ಅತ್ತೆಯ ಶೀನೂಗೆ, ಪುಣೆಯ ದಂಡಿನ ಕ್ಯಾಂಪಿನಲ್ಲಿ ಸರಕಾರಿ ಕಚೇರಿಯ ಕೆಲಸ. ಧಾರವಾಡ ಬಿಟ್ಟು ಬಂದ ತಾಯಿ ಮಗ ಇಬ್ಬರೇ, ಸಾಸವಡದ ರಸ್ತೆ ತಿರುಗುವಲ್ಲಿ ಒಂದು ಹಂಚಿನ ಮನೆ ಹಿಡಿದಿದ್ದರು. ಮೂರನೆಯವಳಾಗಿ ನಾನು ಬಂದೆ. ಹಿತ್ತಲಲ್ಲಿ ತುಳಸಿ, ಒಂದು ಪಾರಿಜಾತ, ಬಚ್ಚಲ ಗೋಡೆಗೆ ಒತ್ತಿ ಅಗಲ ಎಲೆಯ ಆ ಮರ. ಚಳಿಗಾಲಕ್ಕೆ ಅದು ಕಾಯಿ ಬಿಟ್ಟಿತು. ಎಂಥ ಕಾಯಿ ಅಂತೀರಿ! ಕಿತ್ತಳೆ ಬಣ್ಣದ ಮೆತ್ತನೆಯ ಪುಟ್ಟ ಬಟ್ಟಲು, ಅದರ ತುದಿಗೆ ಕುಳಿತ ಹೊಳೆಯುವ ಕರಿಯ ಬೀಜ. ಕಾನ್ವೆಂಟಿನಲ್ಲಿ ಕ್ರಿಸ್‌ಮಸ್ಸಿಗೆ ಮೇಜು ಸಿಂಗರಿಸುತ್ತಿದ್ದುದು ನೆನಪಾಗಿ, ಒಂದು ಗೊಂಚಲು ಕಿತ್ತು ಹಿತ್ತಾಳೆಯ ಬೋಗುಣಿಯಲ್ಲಿ ಜೋಡಿಸಿ, ನಡುವೆ ಎರಡೆಲೆ ಸಿಗಿಸಿ, ಇವರು ಚಹಾ ಕುಡಿಯುವ ಮೇಜಿನ ಮೇಲೆ ಇಟ್ಟೆ.

ಅತ್ತೆ ನೋಡಿ ಹೌಹಾರಿದರು.

“ಅಯ್ಯ ಇಂದೂ! ಕ್ಯಾರು ತಂದು ಮ್ಯಾಜಿನ ಮ್ಯಾಲೆ ಇಟ್ಟೀಯಲ್ಲ! ಕೈ ತೋರಸು ನೋಡೂಣು.”

“ಏನೂ ಆಗಿಲ್ಲ ಅತ್ಯಾ. ಸ್ವಲ್ಪ ಕಪ್ಪಾಗ್ಯದ ಅಷ್ಟ.”

“ಅಷ್ಟೋ ಇಷ್ಟೋ ನಾಡದ ಹೇಳೀಯಂತ.”

ಮೂರನೆಯ ದಿನ ನನ್ನ ಹತ್ತು ಬೆರಳೂ ಹತ್ತು ಎಳೆಬದನೆಕಾಯಿಗಳಾಗಿದ್ದವು. ನಾಲ್ಕು ದಿನ ಅತ್ತೆ ನನಗೆ ಕೈತುತ್ತು ಹಾಕಿದರು. ಆರು ವರ್ಷದವಳಿದ್ದಾಗ ತಾಯಿ ಹೋದ ಮೇಲೆ ಇನ್ನೊಬ್ಬರ ಕೈಯಿಂದ ಉಂಡದ್ದು ಅದೇ ಮೊದಲು. ಬಾವು ಇಳಿಯಿತಲ್ಲ ಎಂದು ಐದನೆಯ ದಿನ ನನಗೆ ಬೇಸರವಾಗಿತ್ತು ಎಂದರೆ ನಗಬೇಡಿ.

ನಮ್ಮ ಕಡೆ ಕೇರು ಎನ್ನುವ ಇದನ್ನು ಪುಣೆಯವರು ಬಿಬ್ಬ ಎನ್ನುತ್ತಾರೆ. ಹೆಂಡತಿಯ ಬೆರಳು ಕಂಡು ಸಿಟ್ಟಿಗೆದ್ದ ಇವರು ಮರುವಾರವೇ ಕುಡುಗೋಲು ಹಿಡಿದು ಅದರ ಒಂದು ಕೊಂಬೆಗೆ ಕೈ ಹಾಕಿದರು. ಮುಖ ಊದಿ ಕಣ್ಣು ಕಾಣದಾದವು. “ಸಾಹೇಬ ನನ್ನ ಮಾರಿ ನೋಡಿ, ಹೊಸಾ ಕ್ಲಾರ್ಕ್ ಯಾವಾಗ ಬಂದ ಅಂತ ಕೇಳಿದ” ಎಂದು ತಾವೇ ಹೇಳಿ ನಗಲು ಹೋಗಿ, ತುಟಿ ನೊಂದು, ಅಯ್ಯಯ್ಯೋ ಎಂದರು.

ಅತ್ತೆಯ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಮಾವ ತೀರಿಹೋದ ಮೇಲೆ ಅತ್ತೆಯ ದಿನವೆಂದರೆ ಬಾಲಕೃಷ್ಣನ ದಿನ. ಅಂಗೈಯಲ್ಲಿ ಕೂಡುವಷ್ಟು ಹಿತ್ತಾಳೆಯ ಮೂರ್ತಿ. ಅಂಬೆಗಾಲಿಟ್ಟು, ಒಂದು ಕೈಯಲ್ಲಿ ಬೆಣ್ಣೆಯುಂಡೆ ಹಿಡಿದವನು. ತಿಕ್ಕಿ ತಿಕ್ಕಿ ಅವನ ಮೂಗು ಸವೆದುಹೋಗಿತ್ತು. ಏಳು ವರ್ಷದವರಿದ್ದಾಗ ಅವನಿಗೆ ನೀರೆರೆಯಲು ಶುರು ಮಾಡಿ, ಮದುವೆಯಾದಾಗ ತವರಿನಿಂದ ಜೊತೆಗೆ ತಂದಿದ್ದರು. ನೀರಿನ ಹದವನ್ನು ಮೊಣಕೈಯಿಂದ ನೋಡುವರು, ಕೂಸಿಗೆ ನೋಡುವಂತೆ. “ಕಣ್ಣ ಮುಚ್ಚೋ, ಮುಚ್ಚಂದ್ರ ತಗೀತೀಯಲ್ಲ” ಎಂದು ಗದರುವರು. ಚಳಿ ಬಿದ್ದರೆ ಅವನಿಗೊಂದು ಹೆಬ್ಬೆರಳಿನಷ್ಟು ಕುಂಚಿಗೆ. ಅದಕ್ಕೆ ನಾನು ಲೇಸು ಹೆಣೆದುಕೊಟ್ಟಿದ್ದೆ. ಕಾನ್ವೆಂಟಿನ ಲೇಸು ಹಾಕಿಕೊಂಡ ಕೃಷ್ಣ ಪುಣೆಯಲ್ಲಿ ಅವನೊಬ್ಬನೇ ಇದ್ದಿರಬೇಕು.

ಪೂಜೆಗೆ ಅವರು ಉಡುತ್ತಿದ್ದುದು ಧಾಬಳಿ. ಮಡಿಯ ಮನೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ. ಅದು ಉಣ್ಣೆಯ ಒರಟು ವಸ್ತ್ರ, ನಮ್ಮ ಅತ್ತೆಯದು ಕಂದುಗೆಂಪು. ಹತ್ತಿ ಸೀರೆಯಾದರೆ ದಿನಾ ಒಗೆದು ಒಣಗಿಸಿದರೆ ಮಾತ್ರ ಮಡಿ. ಉಣ್ಣೆಗೆ ಆ ತಾಪತ್ರಯವಿಲ್ಲ. ತಿಂಗಳುಗಟ್ಟಲೆ ನೀರು ಕಾಣದಿದ್ದರೂ ಅದರ ಮಡಿ ಕೆಡುವುದಿಲ್ಲ. ಪೂಜೆ ಮುಗಿದೊಡನೆ ಕೋಲಿನಿಂದ ಎತ್ತರದ ಗಳಕ್ಕೇರಿಸಿಬಿಡುವರು. ನಾನು ಅದನ್ನು ಮುಟ್ಟುವಂತಿರಲಿಲ್ಲ. ಅದರಲ್ಲಿ ನನಗೆ ದುಃಖವೂ ಇರಲಿಲ್ಲ, ಏಕೆಂದರೆ ನನ್ನನ್ನು ಹಟ ಹಿಡಿದು ಈ ಮನೆಗೆ ತಂದವರೇ ಅತ್ತೆ. “ಕಿರಿಸ್ತಾನರ ಸಾಲ್ಯಾಗ ಕಲತ ಹುಡಿಗೀನ್ನ ತಂದು ದೇವರ ಮನೀ ಗತಿ ಏನ್ ಮಾಡ್ತಿ ಅಕ್ಕಾ?” ಎಂದು ಧಾರವಾಡದಲ್ಲಿದ್ದ ಅವರ ತಮ್ಮ ವೆಂಕೂಮಾಮ ಕೇಳಿದ್ದರಂತೆ. “ದೇವರಿಗೆ ನಾ ಇದ್ದೀನಲ್ಲೋ. ಆಕಿ ಮನೀಗೆ ಬೇಕು” ಎಂದಿದ್ದರಂತೆ ಅತ್ತೆ.

ಅಂತೂ ನನಗೆ ಐದು ತಿಂಗಳಾಗಿತ್ತು. ಬೇಸಗೆಗೆ ಕೂಸು ಬರುತ್ತದೆ, ಬರುವ ಚಳಿಗಾಲಕ್ಕೆ ಹಿತ್ತಲಲ್ಲಿ ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ. ಮರ ಹೋಗಲೇಬೇಕು ಎಂದು ನಾನು ಹಟ ಹಿಡಿದೆ. ಹೋಗುವುದೆಂದರೆ ಹೇಗೆಂದರೆ ಹಾಗಲ್ಲ, ಶಾಸ್ತ್ರೋಕ್ತವಾಗಿ. ಈ ಒಂದು ವಿಷಯದಲ್ಲಿ ನಾನು ಕಲಿತವಳು. ಕಾನ್ವೆಂಟಿನ ಕಂಪೌಂಡಿನುದ್ದಕ್ಕೂ ಮಳೆಗಾಲ ಕಳೆದ ಮೇಲೆ ತುರಚಿ ಗಿಡ ಏಳುತ್ತಿತ್ತು. ಅದನ್ನು ತೆಗೆಸುವ ದಿನ ಸಿಸ್ಟರ್ ಆಗ್ನೆಸ್ ತೋಳು ಮಡಚಿ ನಿಂತು ಹೇಳುತ್ತಿದ್ದ ಒಂದೊಂದು ಮಾತೂ ನನಗೆ ಬಾಯಿಪಾಠ. ಗಾಳಿಯಿಲ್ಲದ ಒಣ ದಿನ ನೋಡಬೇಕು. ಮೈ ಪೂರ್ತಿ ಮುಚ್ಚಿಕೊಂಡು, ತೆರೆದ ಕಡೆ ಎಣ್ಣೆ ಬಳಿದುಕೊಳ್ಳಬೇಕು. ಮೇಲೆ ಸವರಿದರೆ ಸಾಲದು, ಬೇರು ಅಗೆಯಬೇಕು. ಸುಡಲಂತೂ ಕೂಡದು, ಹೊಗೆಯೊಡನೆ ವಿಷ ಕಣ್ಣಿಗೂ ಎದೆಗೂ ಹೋಗುತ್ತದೆ; ಆಳವಾಗಿ ಹೊಂಡ ತೋಡಿ ಹೂಳಬೇಕು. ಹತಾರಗಳನ್ನು ಬೂದಿ ಸಾಬೂನು ಹಾಕಿ ತಿಕ್ಕಬೇಕು. ಕೊನೆಗೆ ಬಟ್ಟೆ. ಅಲ್ಲಿ ಬಂದು ಹೋದವರು ಉಟ್ಟದ್ದೆಲ್ಲವನ್ನೂ, ಗಿಡ ಮುಟ್ಟಿರಲಿ ಬಿಡಲಿ, ಬೇರೆಯಾಗಿ ಒಗೆಯಬೇಕು. ಎಲ್ಲ ಮುಗಿದ ಮೇಲೆ “ಮೂವತ್ತೊಂದು, ನಾವು ಏನು ಮರೆತೆವು?” ಎಂದು ಕೇಳುವರು. “ಏನೂ ಇಲ್ಲ ಸಿಸ್ಟರ್” ಎನ್ನುವೆ ನಾನು.

ಭೋರ್ ಕಡೆಯಿಂದ ಧೋಂಡೀಬಾ ಎಂಬ ಮರ ಕಡಿಯುವವನು ಬಂದ. ಅವನ ಕೈಗೆ ನಾನು ಗೋಣೀಚೀಲದ ಕವಚ ಹೊಲಿದಿಟ್ಟಿದ್ದೆ. ಎಣ್ಣೆಯ ಬಟ್ಟಲು, ಬೂದಿ, ಮೂರು ಬಕೆಟು ತಣ್ಣೀರು, ಹೊಂಡಕ್ಕೆ ಹಾಕಿದ ಗೆರೆ, ಎಲ್ಲವನ್ನೂ ನೋಡಿ ಅವನು ಪೇಟ ಸರಿಸಿ ತಲೆ ಕೆರೆದುಕೊಂಡ.

“ಬಾಯೀ, ಮರ ಕಡಿಸುತ್ತೀರೋ ಮುಂಜಿ ಮಾಡಿಸುತ್ತೀರೋ?” ಎಂದ ಮರಾಠಿಯಲ್ಲಿ.

ಗೋಡೆಯಾಚೆಯಿಂದ ಗೋದೂತಾಯಿ ಕಿಸಕ್ಕನೆ ನಕ್ಕರು. ನಾನು ಗಂಭೀರವಾಗಿ ಎಣ್ಣೆ ಬಟ್ಟಲು ಮುಂದಕ್ಕೆ ದೂಡಿದೆ. ಅವನು ಹಚ್ಚಿಕೊಂಡ. ಆಮೇಲೆ ಸೊಂಟದ ಗಂಟಿನಿಂದ ನಾಲ್ಕು ಕಾಳು ಅಕ್ಕಿ ತೆಗೆದು ಮರದ ಬುಡಕ್ಕೆ ಹಾಕಿ, “ಮಾಫ ಕರ ಬಾಬಾ” ಎಂದು ಕೈಮುಗಿದ. ಮರದ ಕ್ಷಮೆ ಕೇಳುವ ಇವನ ಮೌಢ್ಯಕ್ಕೆ ನಗಬೇಕೆನ್ನುವಷ್ಟರಲ್ಲಿ ನನ್ನ ಬಲಗೈ ಕಾನ್ವೆಂಟಿನ ಅಭ್ಯಾಸದಂತೆ ಹಣೆಗೆ, ಎದೆಗೆ ಹೋಗಿ, ಎಡಭುಜದ ಹತ್ತಿರ ತಡೆದು ನಿಂತಿತ್ತು. ಬೆವರು ಒರೆಸಿಕೊಂಡವಳಂತೆ ಕೈ ಇಳಿಸಿದೆ.

ಮಧ್ಯಾಹ್ನಕ್ಕೆ ಮರ ಉರುಳಿತ್ತು. ಬೇರು ಬಂತು, ಹೊಂಡ ಮುಚ್ಚಿತು. ಕೊಡಲಿ, ಗುದ್ದಲಿ, ಹಗ್ಗ ತೊಳೆದಾಯಿತು. ಧೋಂಡೀಬಾನ ಧೋತರ, ಪೇಟ, ಹತ್ತಿರ ನಿಂತಿದ್ದ ಇವರ ಅಂಗಿ, ದೂರ ನಿಂತಿದ್ದ ನನ್ನ ಸೀರೆ, ಎಲ್ಲವೂ ಬೇರೆ ಬೇರೆಯಾಗಿ ಮೂರು ನೀರಿನಲ್ಲಿ ಒಗೆದು ಬಿಸಿಲಿಗೆ ಬಿದ್ದವು. ಯಾರಿಗೂ ಒಂದು ಗುಳ್ಳೆ ಏಳಲಿಲ್ಲ. ಧೋಂಡೀಬಾ ಕೂಡ ಹೊರಡುವಾಗ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡು ಮೆಚ್ಚಿಕೊಂಡ. ಅಷ್ಟು ಹೆಮ್ಮೆಪಟ್ಟ ದಿನ ನನ್ನ ಬಾಳಿನಲ್ಲಿ ಇನ್ನೊಂದಿಲ್ಲ. ಆಗಲೇ ಸ್ವಲ್ಪ ಕಡಿಮೆ ಪಟ್ಟಿದ್ದರೆ ಚೆನ್ನಾಗಿತ್ತು.

ಮರ ಬಿದ್ದ ಮೇಲೆ ಒಮ್ಮೆ ಅತ್ತೆ ತುಳಸಿಯ ಕುಡಿಗೆಂದು ಹಿತ್ತಲಿಗೆ ಬಂದು ಹೋದದ್ದನ್ನು ನಾನು ನೋಡಿದ್ದೆ. ಧಾಬಳಿಯಲ್ಲಿದ್ದರು. ಒಗೆಯಬೇಕಾದ ಬಟ್ಟೆಗಳಲ್ಲಿ ಧಾಬಳಿಯೂ ಒಂದೆಂದು ನನಗೆ ಹೊಳೆಯಲೇ ಇಲ್ಲ. ನಮ್ಮ ಮನೆಯಲ್ಲಿ ಅದು ಬಟ್ಟೆಯಾಗಿರಲಿಲ್ಲ, ಮಡಿಯಾಗಿತ್ತು.

ಮೂರನೆಯ ದಿನಕ್ಕೆ ಅತ್ತೆಯ ಸೊಂಟ, ಹೊಟ್ಟೆ, ಎಡತೋಳು ಕೆಂಪಗೆ ಬೊಕ್ಕೆಯೆದ್ದು ನೀರು ಸೋರತೊಡಗಿದವು. ಸೋರುವ ಮೈಯಲ್ಲಿ ಮಡಿಯಿಲ್ಲ, ಪೂಜೆಯಿಲ್ಲ. ಧಾಬಳಿ ಗಳದ ಮೇಲೆ ಉಳಿಯಿತು. ಇವರು ಕಚೇರಿಯ ಅವಸರದಲ್ಲಿ ತಮ್ಮ ರೇಷ್ಮೆ ಮುಗುಟ ಉಟ್ಟು ಬಾಲಕೃಷ್ಣನ ತಲೆಗೆ ಎರಡು ಉದ್ಧರಣೆ ನೀರು ಹಾಕಿ ಓಡುತ್ತಿದ್ದರು. ತೆಂಗಿನೆಣ್ಣೆ, ಬೆಣ್ಣೆ ಹಚ್ಚಿ ಹಚ್ಚಿ ಹದಿನೈದು ದಿನಕ್ಕೆ ಅತ್ತೆಯ ಮೈ ಮಾಗಿತು. ಸ್ನಾನ ಮಾಡಿ, ಧಾಬಳಿ ಇಳಿಸಿ ಉಟ್ಟು, ಕೂಸು ಊರಿನಿಂದ ಬಂದಂತೆ ಸಂಭ್ರಮಪಟ್ಟು ಪೂಜೆಗೆ ಕೂತರು. ಎರಡೇ ದಿನ. ಮತ್ತೆ ಸೊಂಟ, ಮತ್ತೆ ಹೊಟ್ಟೆ. ಕ್ಯಾಂಪಿನ ಡಾಕ್ಟರರು ಬಿಳಿ ಮುಲಾಮು ಕೊಟ್ಟು ಉಷ್ಣ ಎಂದರು. ಮತ್ತೆ ಮಾಗಿತು. ಮತ್ತೆ ಪೂಜೆಗೆ ಕೂತರು. ಮತ್ತೆ ಎದ್ದಿತು.

ಗೋದೂತಾಯಿ ಇದು ಮರದ ಶಾಪ ಎಂದರು. ಧೋಂಡೀಬಾ ಕ್ಷಮೆ ಕೇಳಿದ, ಮನೆಯವರು ಕೇಳಲಿಲ್ಲವಲ್ಲ. ಅತ್ತೆ ತಲೆಯಲ್ಲಾಡಿಸಿದರು. “ಗಿಡಕ್ಕ ಸಿಟ್ಟಿದ್ರ ಕಡಸಿದಾಕೀ ಮ್ಯಾಲೆ ಬರಬೇಕಿತ್ತು. ನಾ ಏನ್ ಮಾಡೀನಿ ಅದಕ್ಕ?” ಆದರೂ ಆ ಸಂಜೆ ನಾನು ಗೋದಿ ಹಸನು ಮಾಡುತ್ತ ಕೂತಿದ್ದಾಗ ಹತ್ತಿರ ಬಂದು ಕೂತರು. ಮುಲಾಮು ಹಚ್ಚಿದ ತೋಳನ್ನು ದೂರ ಹಿಡಿದುಕೊಂಡಿದ್ದರು.

“ಇಂದೂ, ನೀ ಕಲತಾಕಿ. ಖರೇ ಹೇಳು. ಇದು ಕ್ಯಾರಿಂದ ಇರಬಹುದೇನು?”

ಆ ದನಿಯಲ್ಲಿ ಎಷ್ಟು ಆಸೆಯಿತ್ತೆಂದು ನನಗೆ ಈಗ ಕೇಳಿಸುತ್ತದೆ. ಆಗ ಕೇಳಿಸಿದ್ದು ನನ್ನ ಕೆಲಸದ ಮೇಲಿನ ಆಕ್ಷೇಪಣೆ ಮಾತ್ರ.

“ಹೆಂಗ ಇರ್ತದ ಅತ್ಯಾ? ಕಡಸಿ ಎರಡು ತಿಂಗಳಾತು. ಬೇರು ಸೈತ ಹೋಗ್ಯದ. ಎಲ್ಲಾ ನಾನ ಮುಂದ ನಿಂತು ತೊಳಿಸೀನಿ.”

“ಅಂದ್ರ ಗಿಡದ್ದಲ್ಲ.”

“ಅಲ್ಲ.”

“ಖಾತ್ರಿ ಅದ ನಿನಗ?”

“ಖಾತ್ರಿ ಅದ.”

“ಹಂಗಾದ್ರ ತಿಳೀತು ಬಿಡು” ಎಂದರು. ಸ್ವಲ್ಪ ಹೊತ್ತು ಮೊರದೊಳಗಿನ ಕಲ್ಲು ಹೆಕ್ಕಿ ಹೆಕ್ಕಿ ಪಕ್ಕಕ್ಕಿಟ್ಟರು. “ಕೃಷ್ಣನ್ನ ಶೀನೂ ಮುಟ್ಟಿದ್ರ ಏನೂ ಆಗೂದುಲ್ಲ. ನಾ ಮುಟ್ಟಿದ್ರ ಆಗ್ತದ. ಮೂರು ಸಲೆ ಆತು. ಬಾಯಿಲ್ಲದಾವ ಇನ್ನ ಹೆಂಗ ಹೇಳಬೇಕು? ಮೈ ಮ್ಯಾಲ ಬರದು ತೋರಸ್ಯಾನ. ನಿನ್ನ ಕೈ ಒಲ್ಲೆ ಅಂತಾನ ಅವನು.”

ಅತ್ತೆಯ ಲೆಕ್ಕದಲ್ಲಿ ಆರೋಪಿಗಳು ಇಬ್ಬರೇ ಇದ್ದರು, ಮರ ಮತ್ತು ದೇವರು. ಮರವನ್ನು ನಾನು ಖುಲಾಸೆ ಮಾಡಿಬಿಟ್ಟೆ. ಎಷ್ಟಾದರೂ ವಕೀಲರ ಮಗಳು.

ಆಮೇಲೆ ನಡೆದದ್ದು ಬೇಗ ನಡೆಯಿತು. ಒಂದು ಬೆಳಿಗ್ಗೆ ಅತ್ತೆ ದೇವರ ಮನೆಯ ಹೊಸ್ತಿಲಲ್ಲಿ ನಿಂತು ನೋಡಿದಾಗ ಬಾಲಕೃಷ್ಣನ ಮೇಲೆ ಹಿಂದಿನ ದಿನದ ಬಾಡಿದ ತುಳಸಿ ಹಾಗೆಯೇ ಇತ್ತು. ಇವರು ತಡವಾಯಿತೆಂದು ನೀರು ಹಾಕದೆ ಹೋಗಿದ್ದರು. ನಾನು ಮಾಡಲೇ ಎಂದೆ. “ನಿನಗ ದಿನಾ ತುಂಬಲಿಕ್ಕೆ ಬಂದಾವ, ಬಗ್ಗಿ ಏಳೂದು ಆಗೂದುಲ್ಲ” ಎಂದರು ಮೆತ್ತಗೆ. ಅದು ಕಾರಣವಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಬಾಲಕೃಷ್ಣನನ್ನು ಒಯ್ಯಲು ಬಾ ಎಂದು ವೆಂಕೂಮಾಮನಿಗೆ ಕಾರ್ಡು ಹೋಯಿತು. ಅತ್ತೆಗೆ ಓದು ಬರಹ ಬಾರದು. ಅವರು ಹೇಳಿದರು, ನಾನೇ ಬರೆದೆ. ನನ್ನ ಕೈಬರಹ ಕಾನ್ವೆಂಟಿನದು, ಒಂದಕ್ಷರ ಗೆರೆಯ ಕೆಳಗಿಳಿಯುವುದಿಲ್ಲ.

ಯುಗಾದಿಯ ಮುಂಚೆ ಮಾಮ ಬಂದರು. ಸ್ನಾನ ಮಾಡಿ, ಮಡಿಯುಟ್ಟು, ಬಾಲಕೃಷ್ಣನನ್ನು ಹೊಸ ವಸ್ತ್ರದಲ್ಲಿ ಸುತ್ತಿ ತಾಮ್ರದ ಡಬ್ಬಿಯಲ್ಲಿ ಇಟ್ಟರು. ಅತ್ತೆ ಬಾಗಿಲ ಹೊರಗೆ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದರು.

“ನೀರು ಭಾಳ ಬಿಸಿ ಹಾಕಬ್ಯಾಡ ವೆಂಕೂ. ಮೊಣಕೈಲೆ ನೋಡು, ಬೆರಳಿಗೆ ತಿಳಿಯೂದುಲ್ಲ.”

“ಹೂಂ ಅಕ್ಕಾ.”

“ಉಪ್ಪಿನ ಬೆಣ್ಣಿ ಒಲ್ಲ ಅವ.”

“ಅಕ್ಕಾ, ನಮ್ಮ ಮನ್ಯಾಗೂ ದೇವರು ಅವ. ನನಗೇನು ಗೊತ್ತಿಲ್ಲೇನು?”

“ದೇವರು ಗೊತ್ತವೋ ನಿನಗ. ಇವನು ಗೊತ್ತಿಲ್ಲ.”

ಟಾಂಗಾ ಹೊರಟಾಗ ಡಬ್ಬಿ ಮಾಮನ ತೊಡೆಯ ಮೇಲಿತ್ತು. ಅತ್ತೆ ರಸ್ತೆಗಿಳಿಯಲಿಲ್ಲ. ಒಳಗೆ ಬಂದು, ದೇವರ ಮನೆಯ ಬರಿದಾದ ಪೀಠವನ್ನು ಒರೆಸಿ, ಗೋಡೆಗೆ ಮುಖ ಮಾಡಿ ಕೂತು ಅತ್ತರು.

ಬಾಲಕೃಷ್ಣನಿಲ್ಲ, ಪೂಜೆಯಿಲ್ಲ. ಪೂಜೆಯಿಲ್ಲವೆಂದ ಮೇಲೆ ಧಾಬಳಿ ಗಳದಿಂದ ಇಳಿಯಲಿಲ್ಲ. ಧಾಬಳಿ ಇಳಿಯಲಿಲ್ಲವೆಂದ ಮೇಲೆ, ನೀವು ಆಗಲೇ ತಿಳಿದುಕೊಂಡಿರುತ್ತೀರಿ, ಅತ್ತೆಯ ಮೈ ಒಂದು ತಿಂಗಳಲ್ಲಿ ಪೂರ್ತಿ ಮಾಗಿತು. ಮತ್ತೆ ಏಳಲಿಲ್ಲ. ಅವರು ತೋಳು ಬಿಸಿಲಿಗೆ ಹಿಡಿದು ನನಗೆ ತೋರಿಸುತ್ತಿದ್ದರು.

“ನೋಡಿದೇನು? ಒಂದು ಬೊಕ್ಕಿ ಇಲ್ಲ. ಪಾರಾದೆ ಅಂತ ಉಸಿರು ಬಿಟ್ಟಿರಬೇಕು ಅವ.”

ನಾನೂ ಆ ತೋಳನ್ನು ನೋಡುತ್ತಿದ್ದೆ. ದೇವರ ವಿಷಯದಲ್ಲಿ ನನಗೆ ಎರಡೂ ಕಡೆಯದು ಅರ್ಧರ್ಧ ಗೊತ್ತು. ಪ್ರೀತಿಯಿಂದ ಶಿಕ್ಷಿಸುವ ದೇವರ ಕಥೆಗಳನ್ನು ಸಿಸ್ಟರರಿಂದ ಕೇಳಿದ್ದೆ. ಅಂಥದೇ ಏನೋ ಇರಬೇಕು ಎಂದುಕೊಂಡೆ. ನಾಚಿಕೆಯೆನಿಸುತ್ತದೆ, ಆದರೆ ಅಂದುಕೊಂಡದ್ದು ಹೌದು.

ಬೇಸಗೆಯಲ್ಲಿ ಮಗಳು ಹುಟ್ಟಿದಳು. ತವರಿನಲ್ಲಿ ತಾಯಿಯಿಲ್ಲದ್ದರಿಂದ ಬಾಣಂತನ ಅತ್ತೆಯ ಕೈಯಲ್ಲೇ ಆಯಿತು. ಬೆನ್ನಿಗೆ ಎಣ್ಣೆ ತಿಕ್ಕುವ ಆ ಕೈಗಳಲ್ಲಿ ಎಷ್ಟೋ ತಿಂಗಳ ಕೆಲಸವಿಲ್ಲದ ಹಸಿವಿತ್ತು. ಹನ್ನೆರಡನೆಯ ದಿನ ತೊಟ್ಟಿಲು ಕಟ್ಟಿದರು. ಅತ್ತೆ ಅಟ್ಟದಿಂದ ಒಂದು ಪುಟ್ಟ ಗಡಿಗೆ ಇಳಿಸಿ, ಇಕ್ಕುಳದಿಂದ ಒಂದು ಕರಿಯ ಬೀಜ ತೆಗೆದು, ಕರಿದಾರಕ್ಕೆ ಪೋಣಿಸಿ ತೊಟ್ಟಿಲಿಗೆ ಕಟ್ಟಲು ಬಂದರು. ದೃಷ್ಟಿ ತಾಗದಿರಲೆಂದು.

ನಾನು ಕೂಸನ್ನು ಎದೆಗವಚಿಕೊಂಡೆ.

“ಅತ್ಯಾ! ಕ್ಯಾರು ಎಲ್ಲಿಂದ ಬಂತು?”

“ನಮ್ಮ ಗಿಡದ್ದ. ನೀ ಕಡಸಿದ ದಿನ ನೆಲದ ಮ್ಯಾಲೆ ಚೆಲ್ಲಾಡಿದ್ವು. ಬಾಣಂತೀಗೆ ಬೇಕು, ಕೂಸಿಗೆ ಬೇಕು. ನಿನಗಂತ ಆರಿಸಿ ಸೆರಗಿನಾಗ ಕಟಗೊಂಡು ಬಂದೆ. ನೀ ನೋಡಿದ್ರ ಅವನ್ನೂ ಹೂಳಸ್ತಿದ್ದಿ. ಕೈಗೆ ಎಣ್ಣಿ ಹಚಗೊಂಡಿದ್ದೆ ಮತ್ತ, ನಾ ಏನ್ ಹುಚ್ಚಿ ಅಲ್ಲ.”

“ಯಾವ ಸೆರಗಿನಾಗ?”

“ಯಾವ ಸೆರಗಂದ್ರ? ಮಡೀಲೆ ಇದ್ದೆ. ಧಾಬಳಿ ಸೆರಗಿನಾಗ.”

ಕೂಸನ್ನು ತೊಟ್ಟಿಲಲ್ಲಿ ಬಿಟ್ಟು ನಾನು ಎದ್ದೆ. ಹನ್ನೆರಡು ದಿನದ ಬಾಣಂತಿ, ಮಡಿಕೋಲು ಹಿಡಿದು, ಆ ಮನೆಗೆ ಬಂದ ಮೇಲೆ ಮೊದಲ ಸಲ ಧಾಬಳಿಯನ್ನು ಗಳದಿಂದ ಎಳೆದೆ. “ಮುಟ್ಟಬ್ಯಾಡ, ಮುಟ್ಟಬ್ಯಾಡ” ಎಂದು ಅತ್ತೆ ಹಿಂದೆಯೇ ಬಂದರು. ಕೋಲಿನ ತುದಿಯಲ್ಲೇ ಅದನ್ನು ಹಿತ್ತಲಿಗೆ ಒಯ್ದು ಬಿಸಿಲಿಗೆ ಹರಡಿದೆ. ಕಂದುಗೆಂಪಿನಲ್ಲಿ, ಮನೆಯ ಕತ್ತಲಲ್ಲಿ, ಅತ್ತೆಯ ಮಬ್ಬುಗಣ್ಣಿಗೆ ಕಾಣದೆ ಇದ್ದದ್ದು ಬಿಸಿಲಲ್ಲಿ ಕಂಡಿತು. ಸೆರಗಿನ ಒಳಮಗ್ಗುಲಿಗೆ ಹತ್ತು ಹನ್ನೆರಡು ಕರಿಯ ಚುಕ್ಕೆಗಳು. ಸೊಂಟಕ್ಕೆ ಸಿಗಿಸುವಲ್ಲಿ ಒಂದು ದೊಡ್ಡ ಕಲೆ, ಗಟ್ಟಿಯಾಗಿ ಉಣ್ಣೆ ಅಂಟಿಕೊಂಡಿತ್ತು.

ನಾನು ಹೇಳಿಬಿಟ್ಟೆ. ಬೊಕ್ಕೆ ಕೃಷ್ಣನದಲ್ಲ, ಕೇರಿನದು. ಪೂಜೆಯಿಂದಲ್ಲ, ಧಾಬಳಿಯಿಂದ. ಉಟ್ಟಾಗ ಎದ್ದದ್ದು, ಬಿಟ್ಟಾಗ ಮಾಗಿದ್ದು. ಕೇಳಿದಾಗ ನಾನೇ ಅಲ್ಲವೆಂದೆ, ತಪ್ಪು ನನ್ನದು ಎಂದೆ. ಹೇಳಿದರೆ ಅವರ ಎದೆಯ ಭಾರ ಇಳಿಯುತ್ತದೆಂದು ತಿಳಿದಿದ್ದೆ. ಅಷ್ಟು ಪೆದ್ದಿ ನಾನು.

ಅತ್ತೆ ಧಾಬಳಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚುಕ್ಕೆಯನ್ನು ನೋಡಿದರು.

“ಅಂದ್ರ ಅವ ಒಲ್ಲೆ ಅಂದಿದ್ದಿಲ್ಲ.”

“ಇಲ್ಲ ಅತ್ಯಾ. ಅವನದೇನೂ ಇಲ್ಲ ಇದರಾಗ.”

“ನಾನ ಕಳಿಸಿದೆ.”

ಕೋಲಿನಿಂದ ಸೆರಗಿನ ಮೂಲೆಯನ್ನು ಅವರಿಂದ ದೂರ ಸರಿಸಿದೆ.

“ಐವತ್ತು ವರ್ಷ ನನ್ನ ಕೈಲೆ ಎರಿಸಿಕೊಂಡಾನ. ಒಂದು ದಿನ ಒಲ್ಲೆ ಅಂದಾವಲ್ಲ. ಅಷ್ಟು ತಿಳೀಲಿಲ್ಲಲ್ಲ ಇಂದೂ ನನಗ. ಕೂಸಿನ ಮ್ಯಾಲೆ ತಪ್ಪು ಹೊರಿಸಿ ಮನೀ ಬಿಡಿಸಿ ಕಳಿಸಿದೆ.”

ದೇವರು ತಮ್ಮನ್ನು ಬಿಟ್ಟನೆಂದಾಗ ಅತ್ತೆ ಅತ್ತಿದ್ದರು. ಈಗ ಅಳಲಿಲ್ಲ. ಎದ್ದು ಹೋಗಿ ಗಡಿಗೆಯನ್ನು ತಂದು ನನ್ನ ಮುಂದಿಟ್ಟು, “ಹೂಳಸು” ಎಂದರು. ಧಾಬಳಿಯನ್ನು ಅಂಟುವಾಳದ ನೊರೆಯಲ್ಲಿ ಕುದಿಸಿ ಮೂರು ಸಲ ಒಗೆಸಿದೆ. ಅವರು ಮತ್ತೆ ಉಡಲಿಲ್ಲ.

ಕೃಷ್ಣನನ್ನು ಕರೆಸಿಕೊಳ್ಳೋಣ ಎಂದು ಇವರು ಎಷ್ಟೋ ಹೇಳಿದರು. “ಯಾವ ಮಾರೀಲೆ ಕರೀಲೋ ಶೀನೂ? ಹೋಗು ಅಂದಾಕಿ ನಾನು, ಬಾ ಅನ್ನಾಕೀನೂ ನಾನ ಏನು?” ಎನ್ನುವರು. ಆದರೆ ತಮ್ಮನಿಗೆ ಮಾತ್ರ ಪ್ರತಿ ವಾರ ಕಾರ್ಡು ಬರೆಸತೊಡಗಿದರು. ಮಳೆ ಹೇಗಿದೆ? ಅಲ್ಲಿ ಬಾವಿಯ ನೀರು ತಣ್ಣಗಿರುತ್ತದೆ, ಕಾಯಿಸುತ್ತೀರೋ ಇಲ್ಲವೋ? ಶ್ರಾವಣ ಬಂತು, ಬೆಣ್ಣೆ ಸಿಗುತ್ತದೆಯೇ? ಹೆಸರು ಹೇಳುತ್ತಿರಲಿಲ್ಲ. ನಾನು ಬರೆದು, ಪೆನ್ನು ಎತ್ತಿ ಹಿಡಿದು, “ಮುಂದ?” ಎಂದು ಕಾಯುತ್ತಿದ್ದೆ. ಅತ್ತೆಯ ತುಟಿ ಒಮ್ಮೆ ತೆರೆಯುವುದು. “ಅಷ್ಟ ಸಾಕು” ಎನ್ನುವರು.

ಹೀಗೆ ಎಷ್ಟೋ ಕಾರ್ಡುಗಳಾದ ಮೇಲೆ ಒಂದು ದಿನ ನಾನು ತಡೆಯಲಾರದೆ, ಅತ್ತೆ ಹೇಳದ ಆ ಒಂದು ಸಾಲನ್ನು ಕೆಳಗೆ ಸಣ್ಣಕ್ಷರದಲ್ಲಿ ನಾನೇ ಸೇರಿಸಿದೆ. ಬೊಕ್ಕೆ ಎದ್ದದ್ದು ಕೇರಿನಿಂದ, ದಯವಿಟ್ಟು ಬಾಲಕೃಷ್ಣನನ್ನು ಮರಳಿ ಕಳಿಸಿರಿ ಎಂದು.

ಉತ್ತರ ಬಂತು. ಅತ್ತೆ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಕೂತರು, ನಾನು ಗಟ್ಟಿಯಾಗಿ ಓದಿದೆ. ಮಳೆ ಚೆನ್ನಾಗಿದೆ. ಆಕಳು ಈದಿದೆ. ಮಕ್ಕಳಿಗೆ ಆಶೀರ್ವಾದ. ನಡುವೆ ನಾಲ್ಕು ಸಾಲುಗಳಿದ್ದವು: ಒಮ್ಮೆ ಕೊಟ್ಟ ದೇವರನ್ನು ಮರಳಿ ಕೇಳುವ ರೂಢಿ ನಮ್ಮಲ್ಲಿಲ್ಲ, ಅಕ್ಕನ ಕೈಯಿಂದ ಅವನು ಏಕೆ ಬಂದನೆಂಬುದು ಇಲ್ಲಿ ಎಲ್ಲರಿಗೂ ಗೊತ್ತಿದೆ, ಕೇರಿನ ಕಥೆ ಕಟ್ಟಿದವರು ಯಾರೆಂಬುದೂ ಗೊತ್ತಿದೆ, ಇನ್ನು ಈ ಮಾತು ಬೇಡ. ಅವನ್ನು ಹಾರಿಸಿ ಓದಿದೆ. ದನಿ ತಡವರಿಸಲಿಲ್ಲ ಎಂದುಕೊಂಡೆ.

ಅತ್ತೆ ಕೈ ನೀಡಿ ಕಾರ್ಡು ಇಸಿದುಕೊಂಡರು. ಕಣ್ಣಿಗೆ ಹತ್ತಿರ ಹಿಡಿದು, ಮೇಲಿನಿಂದ ಕೆಳಗೆ ಒಂದೊಂದು ಸಾಲಿಗೂ ಬೆರಳಿಟ್ಟು ಹೋದರು.

“ಮಳಿ ಅಂದಿ. ಆಕಳಾ ಅಂದಿ. ಆಶೀರ್ವಾದ ಅಂದಿ. ಇಷ್ಟಕ್ಕ ಇಷ್ಟು ಸಾಲು ಹಿಡೀತಾವೇನವಾ?”

ನಾನು ನೆಲ ನೋಡಿದೆ.

“ಕೇಳಿ ಬರದಿದ್ದೇನು ನೀನು?”

“ಹೂಂ ಅತ್ಯಾ.”

“ಕಳಸೂದುಲ್ಲ ಅಂದಾನ?”

“ಮಾಮಾ ಅಂದಾರ ಅತ್ಯಾ. ಕೃಷ್ಣ ಅಂದಿಲ್ಲ.”

ಅವರು ಕಾರ್ಡನ್ನು ನನ್ನ ಕೈಗೆ ಕೊಟ್ಟು, ಕೂಸಿನ ಕಾಲು ನೀವತೊಡಗಿದರು.

ಮರುವಾರ ನಾನು ಎಂದಿನಂತೆ ಕಾರ್ಡು, ದೌತಿ ತಂದುಕೊಂಡು ಅವರ ಮುಂದೆ ಕೂತೆ. ಅತ್ತೆ ಅಕ್ಕಿ ಆರಿಸುತ್ತಿದ್ದರು. ತಾರೀಖು ಬರೆದು, ಚಿರಂಜೀವಿ ಎಂದು ಬರೆದು, ಕಾದೆ.

“ಏನು ಬರೀಲಿ ಅತ್ಯಾ?”

“ಏನ್ ಅದ ಬರೀಲಿಕ್ಕೆ?” ಎಂದರು, ಮೊರದಿಂದ ಕಣ್ಣೆತ್ತದೆ.